ಡಿಸೈನ್ ಗೆದ್ದಿತೋ, ಫ್ಯಾಬ್ ಗೆದ್ದಿತೋ? ಮೂರು ಚಿಪ್‌ಗಳ ಹೋಲಿಕೆ

ಹೊಸ ಪ್ರೊಸೆಸರ್ ಹಳೆಯದನ್ನು ಹಿಂದೆ ಹಾಕಿದರೆ ಹೊಗಳಿಕೆಯೆಲ್ಲ ಡಿಸೈನ್‌ಗೇ ಹೋಗುತ್ತದೆ. ಫ್ಯಾಬ್‌ನ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯ, ಪಾಲನ್ನು ಬೇರೆ ಮಾಡಿ ನೋಡಬೇಕು ಅಲ್ವಾ? ಅದಕ್ಕೆ ಇಂಟೆಲ್‌ನ ಮೂರು ಚಿಪ್‌ಗಳು ಹೇಳಿ ಮಾಡಿಸಿದಂತಿವೆ: 2011ರ ಕೋರ್ ಐ7 2600ಕೆ, 2012ರ 3770ಕೆ, 2013ರ 4770ಕೆ. ಮೊದಲನೆಯದು 32 ನ್ಯಾನೋಮೀಟರ್, ಉಳಿದೆರಡೂ 22 (ಇದು ಫ್ಯಾಬ್‌ನ ತಯಾರಿಕಾ ವಿಧಾನದ ಹೆಸರು, ಅಂಕಿ ಸಣ್ಣದಾದಷ್ಟೂ ವಿಧಾನ ಹೊಸದು). ಮೊದಲೆರಡರ ಕೋರ್ ಡಿಸೈನ್ ಹೆಚ್ಚುಕಡಿಮೆ ಒಂದೇ. ಮೂರರಲ್ಲೂ ನಾಲ್ಕು ಕೋರ್, 8 ಎಂಬಿ ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ).

ಟರ್ಬೊ, ಅಂದರೆ ಚಿಪ್ ತಾನೇ ವೇಗ ಏರಿಸಿಕೊಳ್ಳುವುದನ್ನು, ಆಫ್ ಮಾಡಿದೆ, ಮೂರನ್ನೂ 3.5 ಗಿಗಾಹರ್ಟ್ಸ್‌ನಲ್ಲಿ ನಿಲ್ಲಿಸಿದೆ. ರ‍್ಯಾಮ್ ವೇಗ ಒಂದೇ, ಓಡಿಸಿದ ಪ್ರೋಗ್ರಾಂ ಫೈಲೂ (ಬೈನರಿ) ಒಂದೇ. ದೊಡ್ಡದೊಂದು ಸಿ++ ಪ್ರಾಜೆಕ್ಟ್ ಕಂಪೈಲ್ ಮಾಡಿಸಿ (ಕೋಡನ್ನು ಯಂತ್ರಭಾಷೆಗೆ ತಿರುಗಿಸಿ) ಸಮಯ ನೋಡಿದೆ. ವಿದ್ಯುತ್ತನ್ನು ಗೋಡೆಯ ಸಾಕೆಟ್‌ಗೆ ಹಾಕಿದ ಮೀಟರ್‌ನಲ್ಲಿ ಅಳೆದೆ.

2600ಕೆ, 3770ಕೆ ಸಮಯದಲ್ಲಿ ಅಕ್ಕಪಕ್ಕವೇ ಬಂದವು. ವಿದ್ಯುತ್ ಮಾತ್ರ 3770ಕೆಗೆ ಕಡಿಮೆ ಸಾಕಾಯಿತು. ಆ ಗೆಲುವು ಬಹುಪಾಲು ಫ್ಯಾಬ್‌ನದ್ದು, 22ರ ಜೊತೆ ಬಂದ, ಕರೆಂಟನ್ನು ಮೂರು ಬದಿಯಿಂದ ಹಿಡಿತದಲ್ಲಿಡುವ ಟ್ರೈ-ಗೇಟ್ ಟ್ರಾನ್ಸಿಸ್ಟರ್‌ನದ್ದು. 4770ಕೆ ಅದೇ 22ರಲ್ಲಿದ್ದೂ ಕಂಪೈಲನ್ನು ಬೇಗ ಮುಗಿಸಿತು. ಎಕ್ಸಿಕ್ಯೂಷನ್ ಪೋರ್ಟ್‌ಗಳು (ಕೋರ್‌ನೊಳಗೆ ಕೆಲಸ ಹಂಚುವ ದಾರಿಗಳು) 6ರಿಂದ 8ಕ್ಕೆ ಏರಿದ್ದವು, ಪ್ರೋಗ್ರಾಂ ಮುಂದೆ ಯಾವ ದಾರಿ ಹಿಡಿಯುತ್ತದೆಂದು ಊಹಿಸುವ ಬ್ರಾಂಚ್ ಪ್ರಿಡಿಕ್ಟರ್ ಸುಧಾರಿಸಿತ್ತು. ಇದು ಡಿಸೈನ್ ಮಾಡಿದವರ ಗೆಲುವು. ನನಗೆ ಜಾಸ್ತಿ ಹಿಡಿಸಿದ್ದೂ ಇದೇ.

ಇನ್ನು ಡಬ್ಬಿ ಮೇಲಿನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಂಕಿ): ಕ್ರಮವಾಗಿ 95, 77, 84 ವ್ಯಾಟ್. ಇವನ್ನು ಸುಮ್ನೆ ಪಕ್ಕಪಕ್ಕ ಇಡಬೇಡಿ. 4770ಕೆಯಲ್ಲಿ, ಚಿಪ್‌ಗೆ ಬೇಕಾದ ವೋಲ್ಟೇಜ್ ಹೊಂದಿಸಿ ಕೊಡುವ ರೆಗ್ಯುಲೇಟರ್‌ನ ಒಂದು ಭಾಗ ಮದರ್‌ಬೋರ್ಡ್ ಬಿಟ್ಟು ಚಿಪ್ಪಿನೊಳಗೆ ಸೇರಿದೆ. ಮೊದಲು ಬೋರ್ಡ್‌ನ ಲೆಕ್ಕಕ್ಕೆ ಹೋಗುತ್ತಿದ್ದ ಶಾಖ ಈಗ ಚಿಪ್ಪಿನ ಲೆಕ್ಕಕ್ಕೆ ಬರುತ್ತದೆ. ನಾನು ಗೋಡೆಯ ಸಾಕೆಟ್‌ನಲ್ಲೇ ಅಳೆದದ್ದು ಇದಕ್ಕೇ. ಅಲ್ಲೂ ಒಂದು ತೊಡಕಿದೆ: ಮೊದಲೆರಡು ಒಂದೇ ಬೋರ್ಡ್‌ನಲ್ಲಿ ಕೂರುತ್ತವೆ, ಮೂರನೆಯದಕ್ಕೆ ಬೇರೆ ಬೋರ್ಡ್ ಬೇಕು. ಹಾಗಾಗಿ ಮೊದಲ ಜೋಡಿಯ ವಿದ್ಯುತ್ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ಬಿಸಿಯನ್ನಂತೂ ಹೋಲಿಕೆಗೆ ತರಲೇಬೇಡಿ. ಓವರ್‌ಕ್ಲಾಕ್ ಮಾಡಿದಾಗ (ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಿದಾಗ) 3770ಕೆ 2600ಕೆಗಿಂತ ಬಿಸಿಯಾಗುತ್ತದೆ. ಅದಕ್ಕೆ ಒಂದು ಕಾರಣ ಚಿಪ್‌ನ ಲೋಹದ ಮುಚ್ಚಳದ ಕೆಳಗೆ ಬೆಸುಗೆಯ ಬದಲು ಥರ್ಮಲ್ ಪೇಸ್ಟ್ ಹಾಕಿದ್ದು.

ಒಂದೇ ಗಿಗಾಹರ್ಟ್ಸ್‌ಗೆ ನಿಲ್ಲಿಸುವ ದಾರಿ ಎಲ್ಲ ಕಡೆ ನ್ಯಾಯವಲ್ಲ. ಇಂಟೆಲ್‌ನದೇ 2004ರ ಪೆಂಟಿಯಂ 4 ಪ್ರೆಸ್ಕಾಟ್, ಲ್ಯಾಪ್‌ಟಾಪ್‌ನ ಪೆಂಟಿಯಂ ಎಂ ಡೋಥನ್ ಎರಡೂ 90 ನ್ಯಾನೋಮೀಟರ್. ಪ್ರೆಸ್ಕಾಟ್‌ನ 31 ಹಂತದ ಪೈಪ್‌ಲೈನ್ (ಪ್ರತಿ ಆದೇಶ ಹಾದುಹೋಗುವ ಹಂತಗಳ ಸಾಲು) ಇರುವುದೇ ಕ್ಲಾಕ್, ಅಂದರೆ ಗಿಗಾಹರ್ಟ್ಸ್, ಏರಿಸೋಕೆ. ಅದನ್ನು ಡೋಥನ್‌ನ ವೇಗಕ್ಕೆ ಇಳಿಸಿ ಅಳೆದರೆ ಅದರ ಕೈ ಕಟ್ಟಿದ ಹಾಗೆ. ಅಂಥ ಜೋಡಿಯನ್ನು ಅವರವರ ವೇಗದಲ್ಲೇ ಓಡಬಿಟ್ಟು, ಕೆಲಸ ಮುಗಿಯಲು ಎಷ್ಟು ಸೆಕೆಂಡ್, ಎಷ್ಟು ಜೂಲ್ ಶಕ್ತಿ ಬೇಕಾಯಿತು ಎಂದು ನೋಡಬೇಕು.