ಓಲ್ಡ್ ಟ್ರಾಫರ್ಡ್ ಸ್ಟೇಡಿಯಂ ಟೂರ್: ಫರ್ಗುಸನ್‌ಗೋಸ್ಕರ ಹೋಗೋರಿಗೆ

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೊದ್ಲೇ ಹೇಳ್ಬಿಡ್ತೀನಿ, ಮ್ಯಾಂಚೆಸ್ಟರಲ್ಲಿ ಈ ಹೆಸರಿನ ಗ್ರೌಂಡ್ ಎರಡಿವೆ, ನಮ್ ಕುಂಬ್ಳೆ 1990ರಲ್ಲಿ ಟೆಸ್ಟ್ ಡೆಬ್ಯು ಮಾಡಿದ್ದು ಕ್ರಿಕೆಟ್‌ದು, ಓಲ್ಡ್ ಟ್ರಾಫರ್ಡ್ ಟ್ರಾಮ್ ಸ್ಟಾಪಲ್ಲಿ ಇಳಿದ್ರೆ ಪಕ್ಕದಲ್ಲೇ ಸಿಗೋದೂ ಅದೇ. ಫರ್ಗುಸನ್ 1986ರಿಂದ 2013ರವರೆಗೆ ಮ್ಯಾನೇಜರ್ ಆಗಿದ್ದ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ದು ಇನ್ನೊಂದು, ಆ ಸ್ಟೇಡಿಯಂಗೆ ಅಲ್ಲಿಂದ ಸ್ವಲ್ಪ ನಡೀಬೇಕು.

ಮ್ಯೂಸಿಯಮಲ್ಲಿ ಎಲ್ರೂ ಮುಗಿಬೀಳೋದು 1999ರಲ್ಲಿ ಒಂದೇ ಸೀಸನಲ್ಲಿ ಗೆದ್ದ ಮೂರು ಕಪ್ ಕಡೆಗೆ. ಸರಿನೇ, ಬಾರ್ಸಿಲೋನಾದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲಲ್ಲಿ 90 ನಿಮಿಷ ಮುಗಿಯೋವರೆಗೂ ಜರ್ಮನಿಯ ಬಯರ್ನ್ ಟೀಮ್ ಲೀಡಲ್ಲಿದ್ದು, ಇಂಜುರಿ ಟೈಮಲ್ಲಿ ಶೆರಿಂಗಮ್ ಒಂದು ಸೋಲ್ಶಾರ್ ಒಂದು ಹೊಡೆದು ಗೆದ್ದಿದ್ದು ಯಾರಿಗ್ ಬೇಡ. ಆದ್ರೆ ನಂಗೆ ಅದಕ್ಕಿಂತ ಹಿಂದಿನ ವರ್ಷಗಳೇ ಇಂಟರೆಸ್ಟಿಂಗು. ಫರ್ಗುಸನ್ 1986ರ ನವೆಂಬರಲ್ಲಿ ಬಂದ ಮನುಷ್ಯ, 1990ರ ಎಫ್‌ಎ ಕಪ್‌ವರೆಗೂ ಒಂದು ಟ್ರೋಫಿ ಇಲ್ಲ, ಆ ಸೀಸನ್ ಲೀಗಲ್ಲಿ 13ನೇ ಸ್ಥಾನ ಬೇರೆ, ಈಗಿನ ಕಾಲ ಆಗಿದ್ರೆ ದೀಪಾವಳಿ ಒಳಗೆ ಮನೆಗೆ ಕಳಿಸಿರೋರು. ಆ ಬರಗಾಲದಲ್ಲೇ ಕೂತು ಹುಡುಗ್ರನ್ನ ಹುಡುಕೋ ವ್ಯವಸ್ಥೆ ರೆಡಿ ಮಾಡಿದ್ರಲ್ಲ, ಗಿಗ್ಸ್, ಬೆಕಮ್, ಸ್ಕೋಲ್ಸ್, ನೆವಿಲ್ ಎಲ್ಲ ಅದರ ಫಲಾನೇ. 1993ರಲ್ಲಿ ಲೀಗ್ ಗೆದ್ದಾಗ ಕ್ಲಬ್ಬಿಗೆ ಅದು 26 ವರ್ಷದ ಮೇಲೆ ಬಂದ ಟೈಟಲ್ಲು, ಆಮೇಲೆ 2013ರವರೆಗೆ ಇನ್ನೂ 12. ಒಟ್ಟು 38 ಟ್ರೋಫಿ.

ಯುನೈಟೆಡ್‌ಗೆ ಬರೋಕೆ ಮುಂಚೆ ಫರ್ಗುಸನ್ ಮ್ಯಾನೇಜರ್ ಆಗಿದ್ದ ಅಬರ್ಡೀನ್ ಕ್ಲಬ್ ಕಥೆನ ಮನೇಲೇ ಓದ್ಕೊಂಡು ಹೋಗಿ, ಇದು ಯುನೈಟೆಡ್ ಮ್ಯೂಸಿಯಂ ತಾನೆ. ಸೆಲ್ಟಿಕ್, ರೇಂಜರ್ಸ್ ಬಿಟ್ರೆ ಬೇರೆಯವ್ರಿಗೆ ಜಾಗನೇ ಇಲ್ಲದ ಸ್ಕಾಟ್ಲೆಂಡಲ್ಲಿ ಅಬರ್ಡೀನ್ ಕರ್ಕೊಂಡು ಲೀಗ್ ಗೆದ್ದು, 1983ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲಲ್ಲಿ ರಿಯಲ್ ಮ್ಯಾಡ್ರಿಡ್‌ನ ಸೋಲಿಸಿದ್ರು. ನನ್ನ ಕೇಳಿದ್ರೆ ಇದು ಮ್ಯಾಂಚೆಸ್ಟರಲ್ಲಿ ಮಾಡಿದ್ದಕ್ಕಿಂತ ಒಂದು ಕೈ ಮೇಲೆ, ಜಗಳ ಮಾಡೋರು ಮಾಡಿ.

ಡ್ರೆಸಿಂಗ್ ರೂಮು, ಟನಲ್ಲು ಎಲ್ಲಾ ಚೆನ್ನಾಗಿದೆ. ದುಡ್ಡು ವಸೂಲ್ ಆಗೋದು ಮಾತ್ರ ಡಗ್‌ಔಟ್, ಅಂದ್ರೆ ಮ್ಯಾಚ್ ವೇಳೆ ಮ್ಯಾನೇಜರ್ರೂ ಸಬ್‌ಸ್ಟಿಟ್ಯೂಟ್‌ಗಳೂ ಕೂರೋ ಜಾಗದ ಹತ್ರ. ಮ್ಯಾನೇಜರ್ ಇರೋ ಜಾಗದಲ್ಲಿ ನಿಂತು ಕತ್ತೆತ್ತಿದ್ರೆ ಎದುರಿನ ಸ್ಟ್ಯಾಂಡ್ ಮೇಲೆ ಇಷ್ಟ್ ದೊಡ್ಡ ಅಕ್ಷರದಲ್ಲಿ ಸರ್ ಅಲೆಕ್ಸ್ ಫರ್ಗುಸನ್ ಅಂತ ಇದೆ, 2011ರಲ್ಲಿ ಅವ್ರು ಇನ್ನೂ ಕೆಲಸದಲ್ಲಿದ್ದಾಗ್ಲೇ ಇಟ್ಟ ಹೆಸ್ರು. ರಿಟೈರ್ ಆದ್ಮೇಲೆ ಅವ್ರು ಮ್ಯಾಚ್ ನೋಡ್ತಾ ಕೂತಿದ್ದು ಹಿಂದ್ಗಡೆ ಡೈರೆಕ್ಟರ್ಸ್ ಬಾಕ್ಸಲ್ಲಿ. ಮುಂದೆ ಹೆಸ್ರು, ಹಿಂದೆ ಮನುಷ್ಯ! ಹಳೇ ಯಜಮಾನ್ರು ಇನ್ನೂ ಜಗಲಿ ಮೇಲೆ ಕೂತಿರೋ ಮನೇಲಿ ಹೊಸಬ ಯಜಮಾನಿಕೆ ಮಾಡ್ಬೇಕು ಅಂದ್ರೆ ಹೆಂಗೆ? ಅವರೇ ಆರಿಸಿದ ಮುಂದಿನ ಮ್ಯಾನೇಜರ್ ಮೋಯ್ಸ್ ಆರು ವರ್ಷದ ಕಾಂಟ್ರ್ಯಾಕ್ಟಿಗೆ ಸೈನ್ ಮಾಡಿ ವರ್ಷ ತುಂಬೋದ್ರೊಳಗೆ ಹೊರಗೆ, ಆಮೇಲೆ ವಾನ್ ಗಾಲ್, ಮೊರಿನ್ಯೋ ಬಂದ್ರೂ ಲೀಗ್ ಬರ್ಲಿಲ್ಲ. ತಪ್ಪೆಲ್ಲ ಹೊಸಬರದ್ದೇ ಅಂತ ನಾನ್ ಒಪ್ಪಲ್ಲ, 2013ರಲ್ಲಿ 11 ಪಾಯಿಂಟ್ ಅಂತರದಲ್ಲಿ ಗೆದ್ದ ಟೀಮಲ್ಲಿ ಗಿಗ್ಸ್‌ಗೆ 39, ಫರ್ಡಿನಾಂಡ್, ವಿಡಿಚ್ ಕೂಡ ಕೊನೇ ಹಂತದಲ್ಲಿದ್ರು, ಅದೇ ಬೇಸಿಗೆಲಿ ಚೀಫ್ ಎಕ್ಸಿಕ್ಯುಟಿವ್ ಡೇವಿಡ್ ಗಿಲ್ ಕೂಡ ಹೊರಟ್ರು.

ಮ್ಯಾಚ್ ದಿನ ಟೂರ್ ಇರಲ್ಲ, ಆನ್‌ಲೈನಲ್ಲಿ ಮುಂಚೆನೇ ಬುಕ್ ಮಾಡ್ಕೊಳ್ಳಿ. ಹೊರಗೆ ಬಂದ್ಮೇಲೆ ಹಳೇ ಮ್ಯಾನೇಜರ್ ಬಸ್ಬಿ ಸ್ಟ್ಯಾಚ್ಯೂ ನೋಡಿ ವಾಪಸ್ ಹೊರಡ್ಬೇಡಿ, ಫರ್ಗುಸನ್‌ದು ಅವ್ರ ಹೆಸರಿನ ಸ್ಟ್ಯಾಂಡ್ ಹೊರಗಿದೆ, ಸುತ್ತಾಕ್ಕೊಂಡು ಹೋಗ್ಬೇಕು.