ಹಳಿ ಕಿತ್ತ ದಾರಿ, ಹೇಸರಗತ್ತೆಯ ದಾರಿ

ಅಮೆರಿಕದ ಪಿಟ್ಸ್‌ಬರ್ಗಿನಿಂದ ರಾಜಧಾನಿ ವಾಷಿಂಗ್ಟನ್‌ಗೆ ಸೈಕಲ್ ತುಳಿಯುವವರು ಇದನ್ನು ಒಂದೇ ದಾರಿ ಅನ್ನುತ್ತಾರೆ. ನಾವು ನಾಲ್ವರು ಗೆಳೆಯರು ಏಳು ದಿನ ತುಳಿದ ಮೇಲೆ ನಾನಂತೂ ಹಾಗನ್ನಲಾರೆ. ನಡುವಿನ ಕಂಬರ್‌ಲ್ಯಾಂಡ್ ಊರಿನವರೆಗಿನ 240 ಕಿ.ಮೀ. ಗ್ರೇಟ್ ಅಲಿಗೇನಿ ಪ್ಯಾಸೇಜ್, ರೈಲು ನಿಂತುಹೋದ ಜಾಡು. ಆಚೆಗಿನ 297 ಕಿ.ಮೀ. ಸಿ ಆಂಡ್ ಓ (ಚೆಸಪೀಕ್ ಆಂಡ್ ಓಹಾಯೊ) ಕಾಲುವೆಯ ದಂಡೆ. ದೋಣಿ ಎಳೆಯುವ ಹೇಸರಗತ್ತೆಗಳಿಗೆಂದು ಮಾಡಿದ್ದು.

ರೈಲಿಗೆ ಕಡಿದಾದ ಏರು ಆಗದು. ಹಾಗಾಗಿ ಕಣಿವೆ ಬಂದರೆ ಸೇತುವೆ, ಬೆಟ್ಟ ಬಂದರೆ ಸುರಂಗ. ಸುಣ್ಣಕಲ್ಲಿನ ಪುಡಿ ಹಾಸಿದ ಹಾದಿಯಲ್ಲಿ ಮೂರನೇ ದಿನ 2,392 ಅಡಿ ಎತ್ತರದ ಜಲವಿಭಾಜಕ, ಅಂದರೆ ಮಳೆನೀರು ಎರಡು ಕಡೆಗೆ ಹಂಚಿಹೋಗುವ ಏಣು, ಮುಟ್ಟಿದಾಗ ನಮ್ಮಲ್ಲೊಬ್ಬ, "ಘಟ್ಟ ಇನ್ನೂ ಎಷ್ಟು ದೂರ?" ಅಂದ. ಅಲ್ಲಿಂದ ಕಂಬರ್‌ಲ್ಯಾಂಡ್‌ಗೆ 38 ಕಿ.ಮೀ. ಬರೀ ಇಳಿಜಾರು. ಎದುರಿಂದ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದವರನ್ನು ಕಂಡು, ಪಿಟ್ಸ್‌ಬರ್ಗಿನಿಂದ ಹೊರಟದ್ದೇ ಒಳ್ಳೆಯದಾಯಿತು ಅನ್ನಿಸಿತು.

ಕಾಲುವೆಯದು ನಕ್ಷೆಯಲ್ಲಿ ಪೂರ್ತಿ ಇಳಿಜಾರೇ. ಆದರೆ ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕೆಸರು ಬ್ರೇಕಿಗೆ ಮೆತ್ತಿಕೊಂಡು, ಬೇರುಗಳ ಮೇಲೆ ಕುಲುಕಿ ಕುಲುಕಿ ಮಣಿಕಟ್ಟು ಸೋತಿತು. 28 ಮಿ.ಮೀ. ಟೈರು ತಂದಿದ್ದವನ ಪಾಡು ಕೇಳಬೇಡಿ. 40 ಇರಲಿ, ಇನ್ನೂ ದಪ್ಪವಾದರೆ ಇನ್ನೂ ಒಳ್ಳೆಯದು.

ಸುರಂಗಗಳಲ್ಲೂ ಇದೇ ಭೇದ. ರೈಲಿನ ಬಿಗ್ ಸ್ಯಾವೇಜ್ 3,294 ಅಡಿ. ಒಳಗೆ ದೀಪವಿದೆ, ಸಲೀಸಾಗಿ ದಾಟಿದೆವು. ಕಾಲುವೆಯ ಪಾ ಪಾ 3,118 ಅಡಿ. ಕಗ್ಗತ್ತಲು, ಪಕ್ಕದಲ್ಲೇ ನೀರು, ಸೈಕಲ್ ಇಳಿದು ಟಾರ್ಚ್ ಹಿಡಿದು ನಡೆಯಬೇಕು. ಅದನ್ನು ಕಟ್ಟಿ ಮುಗಿಸಲು 1836ರಿಂದ 1850ರ ತನಕ ಹಿಡಿಯಿತಂತೆ. ಅಷ್ಟರಲ್ಲಿ, ಕಾಲುವೆಯ ಕೆಲಸ ಶುರುವಾದ ದಿನವೇ ತಾನೂ ಕೆಲಸ ಶುರುಮಾಡಿದ್ದ ಪ್ರತಿಸ್ಪರ್ಧಿ ರೈಲು 1842ಕ್ಕೇ ಕಂಬರ್‌ಲ್ಯಾಂಡ್ ಮುಟ್ಟಿತ್ತು! ಆದರೂ ಊರಿಗೆ ಬಂದು ನಾವು ಬಾಯಿತುಂಬ ಹೇಳಿದ್ದು ಪಾ ಪಾದ ಕತೆಯನ್ನೇ.

ರಾತ್ರಿಯ ಲೆಕ್ಕ ಬೇರೆ. ರೈಲುದಾರಿಯಲ್ಲಿ ಊರೂರಲ್ಲೂ ಕೋಣೆ, ಬಿಸಿನೀರು, ಅದಕ್ಕೆ ತಕ್ಕ ಬಿಲ್ಲು. ಕಾಲುವೆಯ ಬದಿ ಡೇರೆ ಹಾಕಲು ಪುಕ್ಕಟೆ ಜಾಗ, ಅಯೋಡಿನ್ ವಾಸನೆಯ ಪಂಪಿನ ನೀರು. ಆ ನೀರಲ್ಲೇ ನೆನೆಸಿದ ಅವಲಕ್ಕಿ, ಮೇಲೆ ಚಟ್ನಿಪುಡಿ. ನನಗೆ ಇದೇ ಹಿಡಿಸಿತು. ಉಳಿದ ಮೂವರ ಓಟು ಕೋಣೆಗೆ.

ಹ್ಯಾನ್‌ಕಾಕ್ ಬಳಿ ಕಾಲುವೆಯ ಪಕ್ಕದಲ್ಲೇ ಇನ್ನೊಂದು ಹಳೇ ರೈಲುಜಾಡು, ಅದೂ ಡಾಂಬರು ಹಾಕಿದ್ದು. ಮೂವರೂ ತಿರುಗಿ ನೋಡದೆ ಅದಕ್ಕೆ ಹಾರಿದರು. ನಾನು ಹಟ ಹಿಡಿದು ಕೆಸರಲ್ಲೇ ಹೋದೆ, ಎರಡು ಕಿಲೋಮೀಟರು. ಆಮೇಲೆ ಸುಮ್ಮನೆ ಡಾಂಬರಿಗೆ ಹತ್ತಿದೆ.