ಗೋಡೆಗೆ ಫಿಕ್ಸ್ ಮಾಡದ ಶೂ ರ‍್ಯಾಕ್ ಮಗು ಮೇಲೆ ಬಿತ್ತು, ದಯವಿಟ್ಟು ನಿಮ್ಮನೇದು ಇವತ್ತೇ ಚೆಕ್ ಮಾಡಿ

ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಬರೀಬೇಕು ಅಂದ್ಕೊಂಡು ಕೈ ಬರ್ತಿರ್ಲಿಲ್ಲ. ಮನೇಲಿ ಚಿಕ್ಕ ಮಕ್ಳಿರೋರು, ಬಾಡಿಗೆ ಮನೇಲಿರೋರು ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ನಮ್ದು ಬೆಂಗ್ಳೂರು, ವಿಜಯನಗರದ ಕಡೆ ಸೆಕೆಂಡ್ ಫ್ಲೋರ್ ಬಾಡಿಗೆ ಮನೆ. ಮೇನ್ ಡೋರ್ ತೆಗೆದ್ರೆ ಮೂರಡಿ ಅಗಲದ ಪ್ಯಾಸೇಜು, ಅದು ಹಾಲ್‌ಗೆ ಹೋಗತ್ತೆ. ಮೊದ್ಲು ಚಪ್ಲಿ ಶೂ ಎಲ್ಲ ಬಾಗಿಲ ಹೊರಗಡೆ ಮೆಟ್ಲ ಹತ್ರ ಒಂದು ಕಬ್ಬಿಣದ ಸ್ಟ್ಯಾಂಡ್‌ನಲ್ಲಿ ಇಡ್ತಿದ್ವಿ. ಆದ್ರೆ ಇವ್ರ ಹೊಸ ಶೂ ಒಂದೇ ವಾರದಲ್ಲಿ ಕಳುವಾಯ್ತು, ಬೀದಿ ನಾಯಿ ಮೇಲೆ ಬಂದು ಅತ್ತೆಯವ್ರ ಒಂದು ಚಪ್ಲಿ ಎತ್ಕೊಂಡು ಹೋಯ್ತು, ಪಕ್ಕದ್ಮನೆಯವ್ರಿಗೂ ಓಡಾಡೋಕೆ ಅಡ್ಡ ಆಗ್ತಿತ್ತು. ಸರಿ, ಒಳಗೇ ಇಡೋಣ ಅಂತ ಯುಗಾದಿಗೆ ಮುಂಚೆ ಒಂದು ಶೂ ಕ್ಯಾಬಿನೆಟ್ ತಗೊಂಡ್ವಿ. ಈಗ ಎಲ್ಲಾ ಕಡೆ ಬರ್ತಿದ್ಯಲ್ಲ, ತೆಳ್ಳಗೆ ಎತ್ತರಕ್ಕೆ ಇರತ್ತೆ, ಮುಂದೆ ಮೂರು ಫ್ಲಾಪ್ ಇರತ್ತೆ, ಹಿಡಿದು ಎಳೆದ್ರೆ ಬಾಯಿ ತೆಗ್ದ ಹಾಗೆ ಮುಂದಕ್ಕೆ ಬಾಗತ್ತೆ, ಅದ್ರೊಳಗೆ ಶೂ ನಿಲ್ಸಿ ಇಡೋದು. ಅದೇ ಥರದ್ದು. ಎತ್ತರ ಐದಡಿ, ಆಳ ಬರೀ ಏಳಿಂಚು. ಮೂರಡಿ ಪ್ಯಾಸೇಜಲ್ಲಿ ಇದಕ್ಕಿಂತ ಒಳ್ಳೇದು ಸಿಗಲ್ಲ ಅಂತ ನಾನೇ ಇಷ್ಟಪಟ್ಟು ಆರಿಸಿದ್ದು. ನೋಡೋಕೂ ಚೆನ್ನಾಗಿತ್ತು, ಯಾರೇ ಮನೆಗೆ ಬಂದ್ರೂ ಎಲ್ಲಿ ತಗೊಂಡ್ರಿ ಅಂತ ಕೇಳೋರು.

ಜೋಡಿಸೋಕೆ ಅಂಗಡಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಎಲ್ಲಾ ಮುಗ್ದ್ಮೇಲೆ ಡ್ರಿಲ್ ಮೆಷಿನ್ ಕೈಲಿ ಹಿಡ್ಕೊಂಡು, "ಮೇಡಂ, ಗೋಡೆಗೆ ಎರಡು ಹೋಲ್ ಹೊಡೀಬೇಕು, ಓನರ್ ಏನೂ ಅನ್ನಲ್ವಾ?" ಅಂತ ಕೇಳ್ದ. ನಮ್ಮ ಅಗ್ರಿಮೆಂಟಲ್ಲಿ ಗೋಡೆಗೆ ಮೊಳೆ ಹೊಡೀಬಾರ್ದು ಅಂತ ಬರ್ದಿದೆ. ಖಾಲಿ ಮಾಡೋವಾಗ ಅಡ್ವಾನ್ಸಲ್ಲಿ ಹಿಡ್ಕೊತಾರೇನೋ ಅನ್ನೋ ಭಯಕ್ಕೆ ಬೇಡಪ್ಪಾ ಅಂದೆ. "ಹಾಗಾದ್ರೆ ಡಬಲ್ ಸೈಡ್ ಟೇಪ್ ಹಾಕ್ಬಿಡ್ತೀನಿ ಮೇಡಂ, ಗಟ್ಟಿಯಾಗಿರತ್ತೆ" ಅಂದ. ಕೆಳಗಡೆ ಟೈಲ್ಸ್ ಸ್ಕರ್ಟಿಂಗ್ ಅರ್ಧ ಇಂಚು ಮುಂದಕ್ಕೆ ಬಂದಿರೋದ್ರಿಂದ ಕ್ಯಾಬಿನೆಟ್ ಬೆನ್ನು ಗೋಡೆಗೆ ತಾಗ್ತಾನೇ ಇರ್ಲಿಲ್ಲ. ಮಧ್ಯದಲ್ಲಿ ಎರಡು ಪ್ಲೈವುಡ್ ಚೂರು ಇಟ್ಟು ಅದ್ರ ಎರಡೂ ಕಡೆ ಟೇಪ್ ಅಂಟ್ಸಿ ಹೋದ. ಅಲ್ಲಾಡ್ಸಿ ತೋರ್ಸಿದ, ಅಲ್ಲಾಡ್ಲಿಲ್ಲ. ನಾನೂ ನಂಬ್ದೆ.

ಆ ಗೋಡೆಯ ಹಿಂದೆ ಇರೋದು ಬಾತ್‌ರೂಮ್. ಮಳೆಗಾಲದಲ್ಲಿ ಆ ಗೋಡೆ ತಣ್ಣಗೆ ಪಸೆ ಪಸೆ ಇರತ್ತೆ, ಅದು ಗೊತ್ತಿದ್ದೂ ನಂಗೆ ತಲೆಗೆ ಹೋಗ್ಲಿಲ್ಲ. ಟೇಪ್ ಅಂಟ್ಕೊಂಡಿದ್ದು ಗೋಡೆಗಲ್ಲ, ಗೋಡೆ ಮೇಲಿನ ಪೇಂಟ್‌ಗೆ. ಪಸೆಗೆ ಪೇಂಟು, ಅದ್ರ ಕೆಳಗಿನ ಪುಟ್ಟಿ ಎರಡೂ ಮೆತ್ತಗಾಗಿ ಬಿಟ್ಕೊಂಡಿತ್ತು. ಆಮೇಲೆ ನೋಡಿದ್ರೆ ಟೇಪ್ ಪ್ಲೈವುಡ್ ಚೂರಿಗೆ ಗಟ್ಟಿಯಾಗೇ ಇತ್ತು, ಅದ್ರ ಇನ್ನೊಂದು ಕಡೆ ಅಂಗೈ ಅಗಲ ಪೇಂಟು ಹಪ್ಪಳದ ಥರ ಎದ್ದು ಬಂದಿತ್ತು.

ಜುಲೈ ಎರಡನೇ ಶನಿವಾರ, ಬೆಳಗ್ಗೆ ಹತ್ತೂವರೆ ಇರ್ಬೇಕು. ಇವ್ರು ಮನೇಲಿರ್ಲಿಲ್ಲ, ನಾನು ಅಡುಗೆಮನೇಲಿ ಚಪಾತಿ ಹಿಟ್ಟು ಕಲಸ್ತಿದ್ದೆ, ಅತ್ತೆ ಹಾಲ್‌ನಲ್ಲಿ ಹೂ ಕಟ್ತಿದ್ರು. ಮಗಳಿಗೆ ನಾಲ್ಕು ವರ್ಷ. ಕ್ಯಾಬಿನೆಟ್ ಮೇಲೆ ನಾವು ಗಾಡಿ ಕೀ ಹಾಕೋಕೆ ಒಂದು ಹಿತ್ತಾಳೆ ಬಟ್ಲು ಇಟ್ಟಿದ್ವಿ, ಅದ್ರ ಪಕ್ಕ ಹಿಂದಿನ ದಿನ ಯಾರೋ ಕೊಟ್ಟ ಚಾಕ್ಲೇಟನ್ನ ನಾನೇ ಅವಳ ಕೈಗೆ ಸಿಗ್ದೇ ಇರ್ಲಿ ಅಂತ ಇಟ್ಟಿದ್ದೆ. ಅವಳು ಕೆಳಗಿನ ಫ್ಲಾಪ್ ಎಳೆದು ಅದ್ರ ಮೇಲೆ ಕಾಲಿಟ್ಟು, ಮಧ್ಯದ್ದನ್ನ ಹಿಡ್ಕೊಂಡು ಹತ್ತಿದಾಳೆ, ಅದೂ ತೆರ್ಕೊಂಡಿದೆ. ಧಡ್ ಅಂತ ಒಂದೇ ಸದ್ದು. ಆಮೇಲೆ ಎರಡು ಸೆಕೆಂಡ್ ಏನೂ ಸದ್ದಿಲ್ಲ. ಆ ಎರಡು ಸೆಕೆಂಡ್ ನಾನು ಸಾಯೋವರ್ಗೂ ಮರೆಯಲ್ಲ. ಆಮೇಲೆ ಅಳು ಕೇಳಿಸ್ತು, ಅತ್ತೆ "ಅಯ್ಯೋ ಮಗೂ" ಅಂತ ಕಿರುಚ್ಕೊಂಡು ಓಡಿದ್ರು.

ಪ್ಯಾಸೇಜು ಮೂರಡಿ ಇದ್ದಿದ್ದೇ ಅವಳನ್ನ ಉಳಿಸಿದ್ದು. ಐದಡಿ ಎತ್ತರದ್ದು ಪೂರ್ತಿ ನೆಲಕ್ಕೆ ಬೀಳೋಕೆ ಜಾಗ ಇಲ್ದೆ ತಲೆಭಾಗ ಎದುರು ಗೋಡೆಗೆ ಬಡಿದು ಓರೆಯಾಗಿ ಸಿಕ್ಕಾಕೊಂಡಿತ್ತು, ಇವಳು ಅದ್ರ ಕೆಳಗಿನ ಸಂದೀಲಿ ಶೂಗಳ ಮಧ್ಯೆ ಇದ್ಲು. ಹಾಲ್‌ನಲ್ಲಿ ಇಟ್ಟಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡೋಕೂ ಆಗಲ್ಲ ನಂಗೆ. ಎಕ್ಸ್‌ರೇ ತೆಗೆಸಿದ್ರೆ ಎಡಗಡೆ ಕಾಲರ್ ಬೋನ್ ಮುರಿದಿತ್ತು, ಬಟ್ಲು ಬಿದ್ದು ಹುಬ್ಬಿನ ಮೇಲೆ ಎರಡು ಹೊಲಿಗೆ. ಡಾಕ್ಟ್ರು, ಮಕ್ಳ ಮೂಳೆ ಬೇಗ ಕೂಡ್ಕೊಳತ್ತೆ, ಹೆದರ್ಬೇಡಿ ಅಂದು ಕೈಗೆ ಸ್ಲಿಂಗ್ ಹಾಕಿ ಕಳಿಸಿದ್ರು. ಈಗ ಪರವಾಗಿಲ್ಲ. ರಾತ್ರಿ ನಿದ್ದೇಲಿ ಮಾತ್ರ ಒಂದೊಂದ್ಸಲ ಬೆಚ್ಚಿ ಬೀಳ್ತಾಳೆ.

ಬಾಕ್ಸ್ ಮೇಲೆ 28 ಕೆಜಿ ಅಂತ ಬರ್ದಿತ್ತು, ಒಳಗಿನ ಶೂಗಳ ತೂಕ ಬೇರೆ. ಅಷ್ಟು ಭಾರದ್ದು 15 ಕೆಜಿ ಮಗುಗೆ ಹೇಗೆ ಬೀಳತ್ತೆ ಅಂತ ಎಲ್ರೂ ಕೇಳ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಫ್ಲಾಪ್ ಮುಚ್ಚಿರೋವಾಗ ಭಾರ ಎಲ್ಲ ಆ ಏಳಿಂಚು ಬುಡದ ಮೇಲೇ ಇರತ್ತೆ, ಅದಕ್ಕೇ ನಾವು ತಳ್ಳಿ ನೋಡಿದಾಗ ಗಟ್ಟಿ ಅನ್ಸತ್ತೆ. ಫ್ಲಾಪ್ ತೆಗೆದ ತಕ್ಷಣ ಅದ್ರೊಳಗಿನ ಶೂಗಳ ತೂಕ ಎಲ್ಲ ಬುಡ ಬಿಟ್ಟು ಮುಂದಕ್ಕೆ ಬರತ್ತೆ. ಎರಡು ಮೂರು ಫ್ಲಾಪ್ ಒಟ್ಟಿಗೆ ತೆಗೆದ್ರೆ ಮಗುನೇ ಬೇಕಿಲ್ಲ, ತಾನಾಗೇ ವಾಲ್ಬೋದು. ಅದ್ರ ಮೇಲೆ ಮಗು ಕಾಲಿಡೋದು ಬುಡದಿಂದ ಇನ್ನೂ ಮುಂದಕ್ಕೆ ಇರೋ ಜಾಗದಲ್ಲಿ. ಮೀಟುಗೋಲು ಹಾಕಿ ಎತ್ತಿದ ಹಾಗೇ ಆಗೋದು. ಈ ಥರದ ತೆಳ್ಳಗಿನ ಕ್ಯಾಬಿನೆಟ್ ಗೋಡೆ ಹಿಡ್ಕೊಂಡೇ ನಿಲ್ಬೇಕು ಅಂತಾನೇ ಮಾಡಿರೋದು, ಸ್ವಂತ ಕಾಲ ಮೇಲೆ ನಿಲ್ಲೋಕಲ್ಲ.

ಅಂಗಡಿಗೆ ಫೋನ್ ಮಾಡಿದ್ರೆ "ಮ್ಯಾನ್ಯುಯಲಲ್ಲಿ ಹಾಕಿದೀವಲ್ಲ ಮೇಡಂ, ನೀವೇ ಡ್ರಿಲ್ ಬೇಡ ಅಂದಿದ್ದಂತೆ" ಅಂದ್ರು. ಹುಡುಕಿ ನೋಡಿದ್ರೆ ಹೌದು, ಕೊನೇ ಪುಟದಲ್ಲಿ ಗೋಡೆಗೆ ಬಿಗಿಸೋ ಚಿತ್ರ ಇದೆ. ಬ್ರಾಕೆಟ್ ಇದ್ದ ಪ್ಲಾಸ್ಟಿಕ್ ಕವರ್ ಒಡೀದೇ ಇದ್ದ ಹಾಗೇ ಅಡುಗೆಮನೆ ಡ್ರಾಯರಲ್ಲಿ ಸಿಕ್ತು, ಎರಡು L ಬ್ರಾಕೆಟ್, ನಾಲ್ಕು ಸ್ಕ್ರೂ, ಎರಡು ಪ್ಲಗ್ (ಸ್ಕ್ರೂ ಬಿಗಿಯಾಗಿ ಕೂರ್ಲಿ ಅಂತ ಗೋಡೆ ತೂತಿಗೆ ತೂರ್ಸೋದು). ಬೇಡ ಅಂದಿದ್ದು ನಾನೇ, ಒಪ್ತೀನಿ. ಆದ್ರೆ ದುಡ್ಡು ತಗೊಂಡು ಜೋಡ್ಸೋಕೆ ಬಂದವ್ರು "ಇದಿಲ್ದೆ ಬಿದ್ದೋಗತ್ತೆ, ಮಕ್ಳಿರೋ ಮನೆ, ನಾನು ಹೀಗೆ ಬಿಟ್ಟು ಹೋಗಲ್ಲ" ಅಂತ ಒಂದು ಮಾತು ಹೇಳ್ಬೇಕಿತ್ತು. ಟೇಪ್ ಸಾಕು ಅಂತ ಹೇಳಿದ್ದು ತಪ್ಪು, ಅದನ್ನ ನಾನು ಬಿಟ್ಕೊಡಲ್ಲ.

ನ್ಯೂಜೆರ್ಸಿಲಿರೋ ನಮ್ಮಣ್ಣ ವಿಷ್ಯ ಕೇಳಿ ಫೋನ್ ಮಾಡಿದ್ದ. ಅಮೆರಿಕದಲ್ಲಿ ಡ್ರಾಯರ್ ಕಪಾಟುಗಳು ಮಕ್ಳ ಮೇಲೆ ಬಿದ್ದು ಜೀವಾನೇ ಹೋಗಿ, 2016ರಲ್ಲಿ ಫರ್ನಿಚರ್ ಕಂಪ್ನಿ ಐಕಿಯಾದವ್ರು ಸುಮಾರು 2.9 ಕೋಟಿ ಕಪಾಟು ವಾಪಸ್ ಕರೆದಿದ್ರಂತೆ. ಹಾಗೆ ಮಕ್ಳನ್ನ ಕಳ್ಕೊಂಡ ಅಪ್ಪ ಅಮ್ಮಂದಿರೇ ವರ್ಷಗಟ್ಲೆ ಓಡಾಡಿ, 2022ರ ಕೊನೇಲಿ ಸ್ಟರ್ಡಿ ಅಂತ ಕಾಯ್ದೆ ಬಂತು. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ಬಟ್ಟೆ ಇಡೋ ಕಪಾಟುಗಳನ್ನ ಮಗು ಹತ್ತಿ ಎಳೆದ್ರೆ ಏನಾಗತ್ತೆ ಅಂತಾನೂ ಟೆಸ್ಟ್ ಮಾಡ್ಬೇಕು. ಅದು ಬಟ್ಟೆ ಕಪಾಟಿಗೆ, ಶೂ ಕ್ಯಾಬಿನೆಟ್‌ಗಲ್ಲ. ನಂಗೆ ಇದನ್ನೆಲ್ಲ ಕೇಳಿ ಹೊಟ್ಟೆ ಉರೀತು, ನಾವು ಊರಲ್ಲಿ ಚಿಕ್ಕೋರಿದ್ದಾಗ ಶೂ ಹಾಕ್ಕೊಳೋ ಮುಂಚೆ ಕೊಡವು, ಒಳಗೆ ಚೇಳು ಹಾವು ಇರತ್ತೆ ಅಂತ ಅಮ್ಮ ದಿನಾ ಹೇಳೋರು, ಶೂ ಇಡೋ ಪೆಟ್ಗೆ ಬಗ್ಗೆ ಹೇಳ್ಕೊಡೋರು ಯಾರೂ ಇರ್ಲಿಲ್ಲ.

ಓನರ್ ಅಂಕಲ್ ಮಗು ನೋಡೋಕೆ ಬಂದಿದ್ರು. ವಿಷ್ಯ ಹೇಳಿದ್ರೆ ಅವ್ರ ಕಣ್ಣಲ್ಲೇ ನೀರು ಬಂತು. "ಏನಮ್ಮಾ, ಒಂದು ಮಾತು ನನ್ನ ಕೇಳ್ಬಾರ್ದಿತ್ತಾ, ಎರಡು ತೂತಿಗೆ ನಾನು ಬೇಡ ಅಂತಿದ್ನಾ" ಅಂದ್ರು. ಬಾಡಿಗೆ ಮನೆಯವ್ರೇ, ದಯವಿಟ್ಟು ಕೇಳಿ. ಬಾಯಿಬಿಟ್ಟು ಕೇಳಿ, ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿ ಓಕೆ ಅನ್ಸ್ಕೊಳ್ಳಿ. ಖಾಲಿ ಮಾಡೋವಾಗ ಆ ತೂತಿಗೆ ಒಂದಿಷ್ಟು ವಾಲ್ ಪುಟ್ಟಿ ತುಂಬಿ ಪೇಂಟ್ ಹಚ್ಚಿದ್ರೆ ಮುಗೀತು. ಓನರ್‌ಗಳು ಯಾರಾದ್ರೂ ಓದ್ತಿದ್ರೆ ನೀವೂ ಅಗ್ರಿಮೆಂಟಲ್ಲಿ ಮೊಳೆ ಬೇಡ ಅಂತ ಬರೆಸೋವಾಗ, ಬೀರು ಕಪಾಟು ಫಿಕ್ಸ್ ಮಾಡೋಕೆ ಪರವಾಗಿಲ್ಲ ಅಂತ ಒಂದು ಲೈನ್ ಸೇರ್ಸಿ.

ಹೊಡೆಸೋವಾಗ್ಲೂ ಎಲೆಕ್ಟ್ರಿಷಿಯನ್ನೋ ಕಾರ್ಪೆಂಟರೋ ಬರ್ಲಿ, ಇಟ್ಟಿಗೆನೋ ಬ್ಲಾಕೋ ಸಿಗೋವರ್ಗೂ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಬಿಗಿಸ್ಬೇಕು, ಬರೀ ಪ್ಲಾಸ್ಟರ್‌ಗೆ ಮೊಳೆ ಹೊಡೆದ್ರೆ ಟೇಪ್ ಥರಾನೇ ಕಿತ್ಕೊಂಡು ಬರತ್ತೆ. ಆಫೀಸ್ ಥರ ಜಿಪ್ಸಮ್ ಪಾರ್ಟಿಷನ್ ಇದ್ರೆ ಅದಕ್ಕೆ ಬೇರೆ ಥರದ ಪ್ಲಗ್ ಬೇಕು. ಬಾತ್‌ರೂಮ್ ಗೋಡೆ ಆದ್ರೆ ಒಳಗೆ ಪೈಪ್ ಎಲ್ಲಿ ಹೋಗಿದೆ ಅಂತ ಓನರ್‌ನ ಕೇಳ್ಕೊಂಡೇ ಹೊಡೆಸಿ. ಸ್ಕರ್ಟಿಂಗ್‌ನಿಂದ ಹಿಂದೆ ಗ್ಯಾಪ್ ಇದ್ರೆ ಮರದ ಪಟ್ಟಿ ಕೊಟ್ಟು ಅದ್ರ ಮೂಲಕ ಗೋಡೆಗೆ ಸ್ಕ್ರೂ ಹೋಗೋ ಹಾಗೆ ಮಾಡಿಸಿ. ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಅಂಟ್ಸಿ ಮಾಡಿರೋ ಹಲಗೆ) ಆದ್ರೆ ಒದ್ದೆ ಶೂ ಒಳಗಿಡ್ಬೇಡಿ, ನೆಲ ಒರೆಸೋ ನೀರು ಬುಡಕ್ಕೆ ನಿಲ್ಲೋಕೆ ಬಿಡ್ಬೇಡಿ, ಊದ್ಕೊಂಡ್ರೆ ಸ್ಕ್ರೂ ಹಿಡಿಯೋ ಶಕ್ತಿನೇ ಇರಲ್ಲ ಅದಕ್ಕೆ. ಭಾರದ ಶೂ ಎಲ್ಲ ಕೆಳಗೆ. ಮೇಲೆ ಕೀ, ಮೊಬೈಲು, ಚಾಕ್ಲೇಟು, ಗೊಂಬೆ, ಮಕ್ಳು ಆಸೆಪಡೋ ಯಾವ್ದನ್ನೂ ಇಡ್ಬೇಡಿ.

ನಾವು ಆ ಕ್ಯಾಬಿನೆಟ್ ತೆಗ್ದೇಬಿಟ್ವಿ. ಈಗ ಕಾರ್ಪೆಂಟರ್ ಹತ್ರ ಹೇಳಿ ಮೊಣಕಾಲೆತ್ತರದ ಒಂದು ಬೆಂಚು ಮಾಡ್ಸಿದೀವಿ, ಕೆಳಗೆ ಎರಡು ಅಂಕಣ ಓಪನ್, ಮೇಲೆ ಅತ್ತೆ ಕೂತ್ಕೊಂಡು ಚಪ್ಲಿ ಹಾಕ್ಕೋತಾರೆ. ಬರೀ ಹತ್ತು ಜೊತೆ ಹಿಡಿಯತ್ತೆ, ಮಿಕ್ಕಿದ್ದು ಡಬ್ಬದಲ್ಲಿ ಮಂಚದ ಕೆಳಗೆ. ಪ್ಯಾಸೇಜು ಮೊದ್ಲಿನಷ್ಟು ಚೆನ್ನಾಗಿ ಕಾಣಲ್ಲ, ಇರ್ಲಿ. ಬೆಡ್‌ರೂಮಿನ ಪುಸ್ತಕದ ಕಪಾಟು, ಬೀರು ಎರಡನ್ನೂ ಅದೇ ದಿನ ಗೋಡೆಗೆ ಬಿಗಿಸಿದ್ವಿ. ಎಲೆಕ್ಟ್ರಿಷಿಯನ್ 300 ರೂಪಾಯಿ ತಗೊಂಡ, ಅರ್ಧ ಗಂಟೆ ಕೆಲ್ಸ.

ಎಲ್ಲಿ ತಗೊಂಡಿದ್ದು ಅಂತ ಹೆಸ್ರು ಕೇಳ್ಬೇಡಿ. ಯಾರ ಹತ್ರ ತಗೊಂಡಿದ್ರೂ ಗೋಡೆಗೆ ಬಿಗಿಸ್ದೇ ಇದ್ರೆ ಇದೇ ಕಥೆ. ನಿಮ್ಮನೇಲಿ ಈ ಥರದ್ದು ಇದ್ರೆ ಮಕ್ಳನ್ನ ದೂರ ನಿಲ್ಸಿ, ಇನ್ನೊಬ್ರಿಗೆ ಎರಡೂ ಕೈಲಿ ಮೇಲ್ಗಡೆ ಹಿಡ್ಕೊಳೋಕೆ ಹೇಳಿ, ಎಲ್ಲಾ ಫ್ಲಾಪ್ ತೆಗೆದು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಒಂದು ಚೂರು ಗೋಡೆ ಬಿಟ್ಟು ಬಂದ್ರೂ ಶೂ ಎಲ್ಲ ಖಾಲಿ ಮಾಡಿ, ಬ್ರಾಕೆಟ್ ಹಾಕ್ಸೋವರ್ಗೂ ನೆಲದ ಮೇಲೆ ಅಂಗಾತ ಮಲಗ್ಸಿಬಿಡಿ.